ಜರ್ಮನ್ ವ್ಯಾಕರಣದ ಮೊದಲ ಪಾಠ: ಮನೆಮಾತಿನ ನೆರವಿನಿಂದ



ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ಈಚೆಗೆ ಒಂದು ಹೊಸ ಬೇಡಿಕೆ ಕಾಣಿಸುತ್ತಿದೆ. ನರ್ಸಿಂಗ್ ಮುಗಿಸಿದ ಹೆಣ್ಣುಮಕ್ಕಳು, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಮುಗಿಸಿದ ಹುಡುಗರು ಜರ್ಮನ್ ಭಾಷೆಯ ತರಗತಿಗೆ ಶುಲ್ಕ ಕೇಳುತ್ತಾರೆ. ಜರ್ಮನಿಯಲ್ಲಿ ದಾದಿಯಾಗಿ ನೋಂದಣಿಯಾಗಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕವಿಲ್ಲ ಎಂಬುದೂ ಈಗ ಊರೂರಿಗೆ ತಿಳಿದ ಸಂಗತಿ. ಆದರೆ ಪೋಷಕರ ಪ್ರಶ್ನೆ ಬೇರೆ. "ಇವಳಿಗೆ ಇಂಗ್ಲಿಷೇ ನೆಟ್ಟಗೆ ಬರಲ್ಲ ಟೀಚರ್, ಜರ್ಮನ್ ಎಲ್ಲಿಂದ ಬರಬೇಕು?" ಎಂದು ತಾಯಂದಿರು ಕೇಳುತ್ತಾರೆ.

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಪಾಠ ಮಾಡಿದವಳು ನಾನು. ನಿವೃತ್ತಿಯ ನಂತರ ಕುತೂಹಲಕ್ಕೆ ಜರ್ಮನ್ ಪುಸ್ತಕ ಹಿಡಿದೆ, ಹುಡುಗಿಯರ ಜೊತೆ ಬೆಂಚಿನ ಮೇಲೆ ಕುಳಿತೆ. ಆಗ ಕಂಡದ್ದನ್ನೇ ಇಲ್ಲಿ ಬರೆಯುತ್ತೇನೆ. ಜರ್ಮನ್ ವ್ಯಾಕರಣದ ಬಾಗಿಲಿಗೆ ಇಂಗ್ಲಿಷ್ ಒಂದೇ ಕೀಲಿಕೈ ಅಲ್ಲ. ವಿಭಕ್ತಿಯನ್ನು ಕನ್ನಡ ಕಲಿಸಿದೆ, ವಸ್ತುಗಳಿಗೂ ಲಿಂಗವಿದೆ ಎಂಬುದನ್ನು ಉರ್ದು ಕಲಿಸಿದೆ, ಇಂಗ್ಲಿಷ್ ಒಂದಷ್ಟು ಶಬ್ದಗಳನ್ನು ಕೊಡುತ್ತದೆ. ನಮ್ಮ ಮನೆಯ ಮಗು ಈ ಮೂರನ್ನೂ ಜೊತೆಯಲ್ಲೇ ತಂದಿರುತ್ತದೆ. ತರಗತಿಯಲ್ಲಿ ಎಲ್ಲವನ್ನೂ ಇಂಗ್ಲಿಷ್ ಮೂಲಕ ಹೇಳುವುದರಿಂದ ಉಳಿದೆರಡು ಚೀಲದಲ್ಲೇ ಉಳಿದುಬಿಡುತ್ತವೆ.

ಈ ದಾರಿ ಹೊಸದೂ ಅಲ್ಲ. ಅಲ್ಲಾಮ ಇಕ್ಬಾಲ್ 1907ರಲ್ಲಿ ಹೈಡೆಲ್‌ಬರ್ಗ್‌ನಲ್ಲಿದ್ದು ಜರ್ಮನ್ ಕಲಿತರು, ಮ್ಯೂನಿಕ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಹೈಡೆಲ್‌ಬರ್ಗ್‌ನ ನದಿ ದಂಡೆಯ ರಸ್ತೆಯೊಂದಕ್ಕೆ ಇಂದಿಗೂ ಅವರ ಹೆಸರಿದೆ. ನಮ್ಮ ರಾಷ್ಟ್ರಪತಿಯಾಗಿದ್ದ ಡಾ. ಜಾಕಿರ್ ಹುಸೇನರು ಬರ್ಲಿನ್‌ನಲ್ಲಿ ಓದಿ 1926ರಲ್ಲಿ ಡಾಕ್ಟರೇಟ್ ಪಡೆದವರು. ಆ ಕಡೆಯಿಂದ ಈ ಕಡೆಗೆ ಬಂದ ಫರ್ಡಿನಾಂಡ್ ಕಿಟ್ಟೆಲ್ ಕನ್ನಡವನ್ನು ಎಷ್ಟು ಆಳವಾಗಿ ಕಲಿತರೆಂದರೆ, 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ಇವತ್ತಿಗೂ ವಿದ್ವಾಂಸರು ತೆರೆಯುತ್ತಾರೆ. ಜರ್ಮನ್ ತಲೆಗೆ ಕನ್ನಡ ಹಿಡಿದೀತಾದರೆ ಕನ್ನಡದ ತಲೆಗೆ ಜರ್ಮನ್ ಏಕೆ ಹಿಡಿಯಬಾರದು?

ಇನ್ನು ಪಾಠಕ್ಕೆ ಬರೋಣ. ಜರ್ಮನ್ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. 'ಇಶ್' ಎಂದರೆ 'ನಾನು'. ಅದರ ಕೊನೆಯ ಧ್ವನಿ ಶಕಾರಕ್ಕೂ ಹಕಾರಕ್ಕೂ ನಡುವಿನದು, ಕೇಳಿಯೇ ಕಲಿಯಬೇಕು. 'ಬೂಖ್' ಎಂದರೆ ಪುಸ್ತಕ. ಇದರ ಕೊನೆಯ ಧ್ವನಿ ಉರ್ದುವಿನ 'ಖಬರ್', 'ಅಖ್‌ಬಾರ್' ಶಬ್ದಗಳಲ್ಲಿರುವ ಗಂಟಲಿನ ಖಕಾರ. ಇಂಗ್ಲಿಷ್ ಶಾಲೆಯಲ್ಲಿ ಕಲಿತವರು 'ಬುಕ್' ಎಂದು ನಿಲ್ಲಿಸುವಲ್ಲಿ ಉರ್ದು ಮನೆಯ ಮಗು ಸಲೀಸಾಗಿ ಹೇಳಿಬಿಡುತ್ತದೆ.

ಮೊದಲು ಲಿಂಗ. ಜರ್ಮನ್‌ನಲ್ಲಿ ಮೂರು ಲಿಂಗಗಳಿವೆ, ಪ್ರತಿ ನಾಮಪದದ ಮುಂದೆ ಅದನ್ನು ತೋರಿಸುವ ಒಂದು ಪುಟ್ಟ ಪದ ಬರುತ್ತದೆ. ಪುಲ್ಲಿಂಗಕ್ಕೆ ಡೆರ್, ಸ್ತ್ರೀಲಿಂಗಕ್ಕೆ ಡೀ, ನಪುಂಸಕಕ್ಕೆ ಡಾಸ್. ಕನ್ನಡದಲ್ಲೂ ಮೂರೇ, ಆದರೆ ನಮ್ಮದು ಅರ್ಥ ನೋಡಿ ಹೇಳುವ ಲಿಂಗ. ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ಮೇಜು ಕುರ್ಚಿಗಳು ನಪುಂಸಕ. ಜರ್ಮನ್‌ನಲ್ಲಿ ಮೇಜು ಗಂಡು (ಡೆರ್ ಟಿಶ್), ಬಾಗಿಲು ಹೆಣ್ಣು (ಡೀ ಟ್ಯೂರ್), ಪುಸ್ತಕ ನಪುಂಸಕ (ಡಾಸ್ ಬೂಖ್). ಕನ್ನಡವೊಂದನ್ನೇ ಬಲ್ಲ ಮಗು ಇಲ್ಲಿ ತಬ್ಬಿಬ್ಬಾಗುತ್ತದೆ. ಉರ್ದು ಬಲ್ಲ ಮಗು ಆಗಬೇಕಿಲ್ಲ. ಉರ್ದುವಿನಲ್ಲಿ ಕಿತಾಬ್ ಸ್ತ್ರೀಲಿಂಗ, ದರ್ವಾಜಾ ಪುಲ್ಲಿಂಗ, ಕುರ್ಸಿ ಸ್ತ್ರೀಲಿಂಗ. ಏಕೆಂದು ಯಾರೂ ಕೇಳಲಿಲ್ಲ, ಅಮ್ಮಿಯ ಬಾಯಿಂದ ಕೇಳಿ ಕಲಿತದ್ದು. ಮನೆಯಲ್ಲಿ ಕೊಂಕಣಿ ಅಥವಾ ಮರಾಠಿ ಆಡುವವರಿಗಂತೂ ವಸ್ತುಗಳಿಗೆ ಮೂರೂ ಲಿಂಗ ಹಚ್ಚುವ ಅಭ್ಯಾಸವಿದೆ.

ಒಂದು ಎಚ್ಚರಿಕೆ: ಅಭ್ಯಾಸವನ್ನು ತನ್ನಿ, ಲಿಂಗವನ್ನು ತರಬೇಡಿ. ದರ್ವಾಜಾ ಉರ್ದುವಿನಲ್ಲಿ ಗಂಡು, ಜರ್ಮನ್‌ನಲ್ಲಿ ಹೆಣ್ಣು. ಕುರ್ಸಿ ಇಲ್ಲಿ ಹೆಣ್ಣು, ಅಲ್ಲಿ ಗಂಡು (ಡೆರ್ ಶ್ಟೂಲ್). ಸೂರ್ಯ ನಮ್ಮ ಎರಡೂ ಭಾಷೆಗಳಲ್ಲಿ ಗಂಡು, ಜರ್ಮನ್‌ನಲ್ಲಿ ಹೆಣ್ಣು (ಡೀ ಜ಼ೊನೆ). ಚಂದ್ರನೊಬ್ಬ ಮೂರೂ ಕಡೆ ಗಂಡಾಗಿಯೇ ಉಳಿದಿದ್ದಾನೆ (ಡೆರ್ ಮೋಂಟ್). ಹುಡುಗಿ ಎಂಬ ಪದ ನಪುಂಸಕ (ಡಾಸ್ ಮೇಟ್‌ಶೆನ್) ಎಂದರೆ ತರಗತಿಯೆಲ್ಲ ನಗುತ್ತದೆ. ಅದಕ್ಕೆ ಕಾರಣವಿದೆ. 'ಶೆನ್' ಎಂಬುದು 'ಪುಟ್ಟ' ಎಂಬ ಅರ್ಥದ ಪ್ರತ್ಯಯ, ಅದು ಯಾವ ಪದದ ಕೊನೆಗೆ ಸೇರಿದರೂ ಆ ಪದ ನಪುಂಸಕವಾಗುತ್ತದೆ. ಹೀಗೆ ಕೊನೆ ನೋಡಿ ಹೇಳಬಹುದಾದ ಪದಗಳು ಇನ್ನೂ ಇವೆ. 'ಉಂಗ್', 'ಹೈಟ್', 'ಕೈಟ್', 'ಶಾಫ್ಟ್' ಎಂಬ ಪ್ರತ್ಯಯಗಳಿಂದ ಮುಗಿಯುವವು ಸ್ತ್ರೀಲಿಂಗ. ವಾರಗಳ, ತಿಂಗಳುಗಳ ಹೆಸರುಗಳು ಪುಲ್ಲಿಂಗ. ಉಳಿದವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ನೋಟ್‌ಬುಕ್ಕಿನಲ್ಲಿ 'ಟಿಶ್ - ಮೇಜು' ಎಂದು ಬರೆದರೆ ಅರ್ಧ ಪದ ಬರೆದಂತೆ. 'ಡೆರ್ ಟಿಶ್' ಎಂದೇ ಬರೆಯಬೇಕು, ಡೆರ್‌ಗೆ ನೀಲಿ, ಡೀಗೆ ಕೆಂಪು, ಡಾಸ್‌ಗೆ ಹಸಿರು ಶಾಯಿ ಬಳಸಿದರೆ ಇನ್ನೂ ಒಳ್ಳೆಯದು. ಬಿ1 ತರಗತಿಯಲ್ಲಿ ಅಳುವ ಮಕ್ಕಳ ಎ1 ನೋಟ್‌ಬುಕ್ ತೆಗೆಸಿ ನೋಡಿ. ಬಹಳ ಸಲ ಅದರಲ್ಲಿ ಬರೀ ಟಿಶ್, ಬೂಖ್, ಟ್ಯೂರ್ ಇರುತ್ತವೆ.

ಎರಡು ಪದ ಸೇರಿ ಒಂದಾದಾಗ ಲಿಂಗ ಯಾವುದು? ಇದಕ್ಕೆ ಉತ್ತರ ನಮ್ಮ ಒಂಬತ್ತನೇ ತರಗತಿಯ ಸಮಾಸ ಪಾಠದಲ್ಲಿದೆ. ಅರಸನ + ಮನೆ = ಅರಮನೆ, ತತ್ಪುರುಷ ಸಮಾಸ, ಉತ್ತರ ಪದಕ್ಕೆ ಪ್ರಾಧಾನ್ಯ. ಅರಮನೆ ಒಂದು ಬಗೆಯ ಮನೆಯೇ ಹೊರತು ಒಂದು ಬಗೆಯ ಅರಸನಲ್ಲ. ಜರ್ಮನ್‌ನಲ್ಲೂ ಹಾಗೆಯೇ, ಲಿಂಗವನ್ನು ಉತ್ತರ ಪದವೇ ಹೇಳುತ್ತದೆ. ಹೌಸ್ (ಮನೆ) ನಪುಂಸಕ, ಆದ್ದರಿಂದ ಕ್ರಾಂಕೆನ್‌ಹೌಸ್, ಅಂದರೆ ರೋಗಿಗಳ ಮನೆ, ಆಸ್ಪತ್ರೆ, ಅದೂ ನಪುಂಸಕ. ಹಾಂಟ್ (ಕೈ) ಸ್ತ್ರೀಲಿಂಗ, ಶೂ (ಪಾದರಕ್ಷೆ) ಪುಲ್ಲಿಂಗ, ಎರಡೂ ಸೇರಿ ಹಾಂಟ್‌ಶೂ, ಕೈಗವಸು, ಪುಲ್ಲಿಂಗ. ಕೈಗೆ ಹಾಕುವ ಶೂ ಎಂದೇ ಅವರು ಹೆಸರಿಟ್ಟಿದ್ದಾರೆ!

ಈಗ ಮುಖ್ಯ ವಿಷಯ, ವಿಭಕ್ತಿ. ಜರ್ಮನ್ ಬಿಟ್ಟು ಓಡುವವರು ಹೆಚ್ಚಾಗಿ ಓಡುವುದು ಇಲ್ಲಿಂದಲೇ. ಇಂಗ್ಲಿಷ್‌ನಲ್ಲಿ ನಾಮಪದಕ್ಕೆ ವಿಭಕ್ತಿ ಬಹುಮಟ್ಟಿಗೆ ಅಳಿದುಹೋಗಿದೆ, ಆದ್ದರಿಂದ ಇಂಗ್ಲಿಷ್ ಮೂಲಕ ವಿವರಿಸಿದರೆ ಇದೇನೋ ಹೊಸ ಲೋಕದಂತೆ ಕಾಣುತ್ತದೆ. ಕನ್ನಡದ ಮಗುವಿಗೆ ಇದು ಹಳೆಯ ಪಾಠ. ಪ್ರಥಮಾ 'ಉ', ದ್ವಿತೀಯಾ 'ಅನ್ನು', ಚತುರ್ಥೀ 'ಗೆ', ಷಷ್ಠೀ 'ಅ' ಎಂದು ರಾಗವಾಗಿ ಹೇಳಿದ್ದು ನೆನಪಿದೆಯಲ್ಲ? ನಮ್ಮಲ್ಲಿ ಏಳು, ಜರ್ಮನ್‌ನಲ್ಲಿ ನಾಲ್ಕೇ. ನೊಮಿನಾಟಿವ್ ನಮ್ಮ ಪ್ರಥಮಾ, ಆಕುಜ಼ಾಟಿವ್ ದ್ವಿತೀಯಾ, ಡಾಟಿವ್ ಚತುರ್ಥೀ, ಗೆನಿಟಿವ್ ಷಷ್ಠೀ. ಕೊನೆಯದನ್ನು ಮೊದಲ ವರ್ಷ ಮರೆತರೂ ನಡೆಯುತ್ತದೆ.

ವ್ಯತ್ಯಾಸ ಒಂದೇ. ನಾವು ಪ್ರತ್ಯಯವನ್ನು ಪದದ ಬಾಲಕ್ಕೆ ಕಟ್ಟುತ್ತೇವೆ, ಜರ್ಮನರು ಹೆಚ್ಚಾಗಿ ಪದದ ಮುಂದಿನ ಡೆರ್, ಡೀ, ಡಾಸ್‌ಗಳನ್ನೇ ಬದಲಿಸುತ್ತಾರೆ. ಈ ವಾಕ್ಯ ನೋಡಿ: ಡೆರ್ ಫಾಟರ್ ಗಿಪ್ಟ್ ಡೇಮ್ ಜ಼ೋನ್ ಡೇನ್ ಆಪ್‌ಫೆಲ್. ತಂದೆಯು ಮಗನಿಗೆ ಸೇಬನ್ನು ಕೊಡುತ್ತಾನೆ. ಫಾಟರ್ ತಂದೆ, ಜ಼ೋನ್ ಮಗ, ಆಪ್‌ಫೆಲ್ ಸೇಬು, ಮೂರೂ ಪುಲ್ಲಿಂಗ. 'ಡೆರ್' ಇದ್ದರೆ ಕರ್ತೃ, 'ಡೇನ್' ಇದ್ದರೆ 'ಅನ್ನು', 'ಡೇಮ್' ಇದ್ದರೆ 'ಗೆ'. ನಪುಂಸಕಕ್ಕೆ ಡಾಸ್, ಡಾಸ್, ಡೇಮ್. ಸ್ತ್ರೀಲಿಂಗಕ್ಕೆ ಡೀ, ಡೀ, ಡೆರ್. ಅಂದರೆ ದ್ವಿತೀಯೆಯಲ್ಲಿ ರೂಪ ಬದಲಾಗುವುದು ಪುಲ್ಲಿಂಗ ಒಂದೇ. ಕನ್ನಡದಲ್ಲೂ 'ಮಗನನ್ನು ಕರೆ' ಎನ್ನುವಾಗ ಪ್ರತ್ಯಯ ಬಿಡಲಾಗದು, 'ನೀರು ಕೊಡು' ಎನ್ನುವಾಗ ಬಿಡುತ್ತೇವೆ. ಎಲ್ಲೆಲ್ಲೂ ಗುರುತು ಬೇಕಿಲ್ಲ ಎಂಬುದು ನಮಗೆ ಹೊಸತಲ್ಲ.

ಗುರುತು ಇರುವುದರಿಂದ ಪದಗಳ ಜಾಗ ಬದಲಿಸಬಹುದು. 'ಸೇಬನ್ನು ತಂದೆ ಮಗನಿಗೆ ಕೊಟ್ಟ' ಎಂದರೂ ನಮಗೆ ಗೊಂದಲವಿಲ್ಲ. ಆಸ್ಪತ್ರೆಯಲ್ಲಿ ಯಾರೋ ಹೀಗೆ ಹೇಳಿದರು ಎಂದುಕೊಳ್ಳಿ: ಡೇನ್ ಮಾನ್ ರೂಫ್ಟ್ ಡೀ ಶ್ವೆಸ್ಟರ್. ಮಾನ್ ಗಂಡಸು, ರೂಫ್ಟ್ ಕರೆಯುತ್ತಾರೆ, ಶ್ವೆಸ್ಟರ್ ದಾದಿ. ಇಂಗ್ಲಿಷ್ ಜಾಡಿನಲ್ಲಿ ಕೇಳುವವಳು 'ಆ ಗಂಡಸು ದಾದಿಯನ್ನು ಕರೆಯುತ್ತಾನೆ' ಎಂದುಕೊಳ್ಳುತ್ತಾಳೆ. ಆದರೆ ಅಲ್ಲಿರುವುದು 'ಡೇನ್', ಅಂದರೆ 'ಅನ್ನು'. ಆ ಗಂಡಸನ್ನು ದಾದಿ ಕರೆಯುತ್ತಿದ್ದಾಳೆ. ಒಂದು ಪುಟ್ಟ ಪದದಿಂದ ಅರ್ಥ ತಿರುಗುಮುರುಗಾಯಿತು. ಕನ್ನಡ ವಿಭಕ್ತಿ ಗೊತ್ತಿದ್ದವಳು ಇಲ್ಲಿ ಎಡವುವುದಿಲ್ಲ.

ಇನ್ನೊಂದು ಸೊಗಸಾದ ಹೋಲಿಕೆ ಇದೆ. ನಮಗೆ ಚಳಿಯಾಗುತ್ತದೆ, ನಮಗೆ ತಲೆ ಸುತ್ತುತ್ತದೆ, ನಮಗೆ ಪುಸ್ತಕ ಇಷ್ಟವಾಗುತ್ತದೆ. ಎಲ್ಲವೂ 'ನನಗೆ'. ಜರ್ಮನ್‌ನಲ್ಲಿ 'ನನಗೆ' ಎನ್ನಲು 'ಮೀರ್'. ಮೀರ್ ಇಸ್ಟ್ ಕಾಲ್ಟ್, ನನಗೆ ಚಳಿ. ಮೀರ್ ಇಸ್ಟ್ ಶ್ವಿಂಡ್ಲಿಶ್, ನನಗೆ ತಲೆ ಸುತ್ತು. ಡಾಸ್ ಬೂಖ್ ಗೆಫೆಲ್ಟ್ ಮೀರ್, ಪುಸ್ತಕ ನನಗೆ ಇಷ್ಟ. ಇಂಗ್ಲಿಷ್‌ನಿಂದ ಅನುವಾದಿಸಿ 'ಇಶ್ ಬಿನ್ ಕಾಲ್ಟ್' ಎಂದರೆ 'ನಾನು ಭಾವನೆಯಿಲ್ಲದ ತಣ್ಣನೆಯ ವ್ಯಕ್ತಿ' ಎಂಬ ಧ್ವನಿ ಬರುತ್ತದೆ. ಕನ್ನಡದಲ್ಲಿ ಯೋಚಿಸಿದವರಿಗೆ ಸರಿಯಾದ ವಾಕ್ಯ ತಾನಾಗಿ ಬರುತ್ತದೆ. ಹಸಿವು ಮಾತ್ರ ಬೇರೆ ದಾರಿ ಹಿಡಿದಿದೆ: ಇಶ್ ಹಾಬೆ ಹುಂಗರ್, 'ನನ್ನ ಬಳಿ ಹಸಿವಿದೆ'.

ಹೋಲಿಕೆ ಕೈಕೊಡುವ ಜಾಗವನ್ನೂ ಹೇಳಬೇಕು, ಏಕೆಂದರೆ ಪರೀಕ್ಷೆಯಲ್ಲಿ ಅಂಕ ಹೋಗುವುದು ಅಲ್ಲೇ. 'ಶಾಲೆಗೆ ಹೋಗುತ್ತೇನೆ', 'ಶಾಲೆಯಲ್ಲಿ ಇದ್ದೇನೆ' ಎಂಬ ಎರಡು ವಾಕ್ಯ ತೆಗೆದುಕೊಳ್ಳಿ. ಚಲನೆಗೆ ಒಂದು ವಿಭಕ್ತಿ, ಇರುವಿಕೆಗೆ ಇನ್ನೊಂದು ಎಂಬುದು ಎರಡೂ ಭಾಷೆಗಳಲ್ಲಿ ಸಮಾನ. ಆದರೆ 'ಶಾಲೆಗೆ' ನಮ್ಮಲ್ಲಿ ಚತುರ್ಥೀ, 'ಇನ್' ಎಂಬ ಪದದ ಜೊತೆ ಜರ್ಮನ್‌ನಲ್ಲಿ ಅದು ದ್ವಿತೀಯಾ: ಇಶ್ ಗೇಹೆ ಇನ್ ಡೀ ಶೂಲೆ. 'ಶಾಲೆಯಲ್ಲಿ' ನಮ್ಮಲ್ಲಿ ಸಪ್ತಮೀ, ಜರ್ಮನ್‌ನಲ್ಲಿ ಡಾಟಿವ್: ಇಶ್ ಬಿನ್ ಇನ್ ಡೆರ್ ಶೂಲೆ. 'ಗೆ' ಕಂಡಲ್ಲೆಲ್ಲ ಡಾಟಿವ್ ಹಾಕುವ ಮಗು ಇಲ್ಲಿ ಸೋಲುತ್ತದೆ. ವ್ಯಕ್ತಿಗೆ ಕೊಡುವ 'ಗೆ' ಒಂದು, ಸ್ಥಳಕ್ಕೆ ಹೋಗುವ 'ಗೆ' ಇನ್ನೊಂದು ಎಂದು ಮೊದಲ ತಿಂಗಳೇ ಬೇರ್ಪಡಿಸಿಕೊಳ್ಳಿ.

ಕ್ರಿಯಾಪದದ ಜಾಗ ನೋಡೋಣ. ಸರಳ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಸ್ಥಾನ ಬಿಟ್ಟು ಕದಲುವುದಿಲ್ಲ. ಇಶ್ ಲೆರ್ನೆ ಹೊಯ್ಟೆ ಡೊಯ್ಚ್, ನಾನು ಇಂದು ಜರ್ಮನ್ ಕಲಿಯುತ್ತೇನೆ. 'ಇಂದು' ಎಂಬುದನ್ನು ಮೊದಲು ತಂದರೆ ಹೊಯ್ಟೆ ಲೆರ್ನೆ ಇಶ್ ಡೊಯ್ಚ್. 'ನಾನು' ಹಿಂದಕ್ಕೆ ಸರಿದು ಕ್ರಿಯಾಪದಕ್ಕೆ ಜಾಗ ಬಿಟ್ಟಿತು. ಇದು ಕನ್ನಡಕ್ಕೂ ಇಲ್ಲ, ಇಂಗ್ಲಿಷ್‌ಗೂ ಇಲ್ಲ, ರೂಢಿಯಾಗಲು ಸಮಯ ಬೇಕು. ಆದರೆ 'ವೈಲ್' (ಏಕೆಂದರೆ) ಬಂದ ತಕ್ಷಣ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ: ವೈಲ್ ಇಶ್ ಇನ್ ಡೊಯ್ಚ್‌ಲಾಂಟ್ ಆರ್ಬೈಟೆನ್ ವಿಲ್. ಒಂದೊಂದೇ ಪದ ಇಟ್ಟು ನೋಡಿ: ಏಕೆಂದರೆ, ನಾನು, ಜರ್ಮನಿಯಲ್ಲಿ, ಕೆಲಸಮಾಡಲು, ಬಯಸುತ್ತೇನೆ. ಅಚ್ಚ ಕನ್ನಡದ ಸಾಲು! ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇದೇ ಅತಿ ಕಷ್ಟದ ನಿಯಮ. ಉರ್ದು ಕೂಡ ಕ್ರಿಯಾಪದವನ್ನು ಕೊನೆಗೇ ಇಡುವ ಭಾಷೆ, ಹಾಗಾಗಿ ನಮ್ಮ ಮಕ್ಕಳಿಗೆ ಇಲ್ಲಿ ಎರಡು ಊರುಗೋಲು.

ಕೆಲವು ಕ್ರಿಯಾಪದಗಳು ಎರಡು ತುಂಡಾಗುತ್ತವೆ. ಔಫ್‌ಶ್ಟೇಹೆನ್ ಎಂದರೆ ಏಳುವುದು. ವಾಕ್ಯದಲ್ಲಿ 'ಔಫ್' ಕೊನೆಗೆ ಹಾರುತ್ತದೆ: ಇಶ್ ಶ್ಟೇಹೆ ಉಮ್ ಫ್ಯುನ್ಫ್ ಊರ್ ಔಫ್, ನಾನು ಐದು ಗಂಟೆಗೆ ಏಳುತ್ತೇನೆ. ಇಂಗ್ಲಿಷ್‌ನ 'ಗೆಟ್ ಅಪ್' ನೆನೆದರೆ ಸಾಕು. ಪದಸಂಪತ್ತಿನಲ್ಲೂ ಇಂಗ್ಲಿಷ್ ನೆರವಾಗುತ್ತದೆ. ಹೌಸ್, ಹಾಂಟ್, ಫಿಂಗರ್, ಮಿಲ್ಶ್, ವಾಸರ್ ಇವನ್ನು ಕಲಿಸಬೇಕಾಗಿಯೇ ಇಲ್ಲ. ಆದರೆ 'ಗಿಫ್ಟ್' ಎಂದರೆ ಜರ್ಮನ್‌ನಲ್ಲಿ ವಿಷ, ಉಡುಗೊರೆಯಲ್ಲ.

ಗೌರವದ ಮಾತಿನಲ್ಲಿ ನಮಗೆ ಕಲಿಯುವುದೇನೂ ಇಲ್ಲ. ನೀನು ಎನ್ನಲು ಡು, ನೀವು ಎನ್ನಲು ಜ಼ೀ. ರೋಗಿಗಳಿಗೆ, ಅಧಿಕಾರಿಗಳಿಗೆ, ಪರಿಚಯವಿಲ್ಲದ ಹಿರಿಯರಿಗೆ ಜ಼ೀ, ಗೆಳೆಯರಿಗೆ, ಮಕ್ಕಳಿಗೆ ಡು. 'ತುಮ್' ಮತ್ತು 'ಆಪ್' ಬಳಕೆ ತಿಳಿದ ಮನೆಯಲ್ಲಿ ಇದನ್ನು ವಿವರಿಸುವುದೇ ಅಧಿಕಪ್ರಸಂಗ.

ಸಂಖ್ಯೆಗಳ ಬಗ್ಗೆ ಮಾತ್ರ ದಾದಿಯಾಗಲು ಹೊರಟವರು ಗಮನವಿಟ್ಟು ಓದಿ. 54 ಎನ್ನಲು ಜರ್ಮನರು 'ನಾಲ್ಕು ಮತ್ತು ಐವತ್ತು' ಎನ್ನುತ್ತಾರೆ: ಫೀರ್-ಉಂಟ್-ಫ್ಯುನ್ಫ್‌ಸಿಶ್. ಕನ್ನಡ, ಇಂಗ್ಲಿಷ್ ಎರಡರಲ್ಲೂ ಐವತ್ತು ಮೊದಲು. ಉರ್ದುವಿನಲ್ಲಿ ಹಾಗಲ್ಲ. 'ಇಕ್ಕೀಸ್'ನಲ್ಲಿ ಒಂದು ಮೊದಲು, 'ಚೌವನ್'ನಲ್ಲಿ ನಾಲ್ಕು ಮೊದಲು. ಉರ್ದುವಿನಲ್ಲಿ ಎಣಿಸುವ ಮಗು ಆ ಜಾಡಿನಲ್ಲೇ ಕೇಳಬಹುದು. ಔಷಧದ ಪ್ರಮಾಣ 45 ಎಂದಿದ್ದನ್ನು 54 ಎಂದು ಬರೆದುಕೊಂಡರೆ ಏನಾದೀತು ಯೋಚಿಸಿ. ಗಡಿಯಾರವೂ ಹಾಗೆ. 'ಹಾಲ್ಪ್ ಜ಼ೀಬೆನ್' ಎಂದರೆ ಪದಶಃ 'ಅರ್ಧ ಏಳು', ಅಂದರೆ ಆರೂವರೆ. ಏಳು ಗಂಟೆಗೆ ಅರ್ಧ ದಾರಿ ನಡೆದಿದ್ದೇವೆ ಎಂಬ ಲೆಕ್ಕ. ಏಳೂವರೆ ಎಂದು ತಿಳಿದು ಹೋದರೆ ಡ್ಯೂಟಿಗೆ ಒಂದು ಗಂಟೆ ತಡ.

ಪೋಷಕರಿಗೂ ದಾನಿಗಳಿಗೂ ಒಂದು ಸಣ್ಣ ಲೆಕ್ಕ ಹೇಳಬೇಕು. ಮಟ್ಟಗಳು ಎ1, ಎ2, ಬಿ1, ಬಿ2 ಎಂದು ಮೇಲೇರುತ್ತವೆ. ಸೊನ್ನೆಯಿಂದ ಬಿ2 ತಲುಪಲು 45 ನಿಮಿಷಗಳ 600ರಿಂದ 800 ಪಾಠಗಳು ಬೇಕೆಂದು ಗೋಯ್ಥೆ ಸಂಸ್ಥೆ ಹೇಳುತ್ತದೆ (ಬೆಂಗಳೂರಿನಲ್ಲಿ ಅದನ್ನು ಮ್ಯಾಕ್ಸ್ ಮುಲ್ಲರ್ ಭವನ ಎನ್ನುತ್ತಾರೆ). ಅಂದರೆ 450ರಿಂದ 600 ಗಂಟೆ. ದಿನಕ್ಕೆ ಎರಡು ಗಂಟೆಯಂತೆ 225ರಿಂದ 300 ದಿನ, ರಜೆ ಹಿಡಿದರೆ ಸುಮಾರು ಒಂದು ವರ್ಷ. ಮನೆಯಲ್ಲಿ ಓದುವ ಹೊತ್ತು ಬೇರೆ. 'ಮೂರು ತಿಂಗಳಲ್ಲಿ ಬಿ2, ವೀಸಾ ಗ್ಯಾರಂಟಿ' ಎಂಬ ಕರಪತ್ರ ಕೈಗೆ ಬಂದರೆ ಈ ಲೆಕ್ಕ ಮುಂದಿಟ್ಟು ಕೇಳಿ: ತೊಂಬತ್ತು ದಿನ, ಒಂದು ದಿನವೂ ಬಿಡದೆ ಐದು ಗಂಟೆ ಪಾಠ ಮಾಡುತ್ತೀರಾ? ಒಡವೆ ಅಡವಿಟ್ಟು ಇಡೀ ಹಣವನ್ನು ಒಂದೇ ಸಲ ಕಟ್ಟಬೇಡಿ. ಒಂದೊಂದೇ ಮಟ್ಟಕ್ಕೆ ಕಟ್ಟಿ, ಆ ಮಟ್ಟದ ಪರೀಕ್ಷೆ ಪಾಸಾದ ಮೇಲೆ ಮುಂದಿನದು. ದಾನಿಗಳಲ್ಲೂ ನನ್ನ ಕೋರಿಕೆ ಇದೇ. ಹತ್ತು ಮಕ್ಕಳಿಗೆ ಎ1 ಶುಲ್ಕ ಕೊಟ್ಟು ಅಲ್ಲಿಗೇ ಕೈಬಿಡುವುದಕ್ಕಿಂತ ಮೂವರನ್ನು ಬಿ2ರವರೆಗೆ ದಾಟಿಸುವುದು ಮೇಲು. ಎ1 ಒಂದರಿಂದ ದಾದಿಯ ಕೆಲಸ ಸಿಗುವುದಿಲ್ಲ. ಕಷ್ಟದ ವಿಭಕ್ತಿ ಪಾಠಗಳೂ ಹಣದ ಮುಗ್ಗಟ್ಟೂ ಒಟ್ಟಿಗೆ ಬರುವುದು ಎ2, ಬಿ1ರ ನಡುವೆ.

ಪರೀಕ್ಷೆಯ ಒಂದು ಅನುಕೂಲವನ್ನು ಬಹಳ ಮನೆಗಳಲ್ಲಿ ತಿಳಿದಿರುವುದಿಲ್ಲ. ಗೋಯ್ಥೆಯ ಬಿ1, ಬಿ2 ಪರೀಕ್ಷೆಗಳಲ್ಲಿ ಓದು, ಕೇಳುವಿಕೆ, ಬರಹ, ಮಾತು ಎಂಬ ನಾಲ್ಕು ಭಾಗಗಳಿವೆ, ಒಂದೊಂದರಲ್ಲೂ 100ಕ್ಕೆ 60 ಬೇಕು. ಒಂದರಲ್ಲಿ ಕಡಿಮೆಯಾದರೆ ಅದೊಂದನ್ನೇ ಮತ್ತೆ ಬರೆಯಬಹುದು. 'ಫೇಲಾದಳು' ಎಂದು ಮದುವೆಯ ಮಾತು ತೆಗೆಯುವ ಮೊದಲು ಅಂಕಪಟ್ಟಿಯನ್ನು ಪೂರ್ತಿ ನೋಡಿ. ಶುಲ್ಕ ಕಟ್ಟಲು ಆಗದವರಿಗೆ ಜರ್ಮನಿಯ ಡೊಯ್ಚೆ ವೆಲ್ಲೆ ಸಂಸ್ಥೆಯ 'ನಿಕೋಸ್ ವೇಗ್' ಎಂಬ ವೀಡಿಯೊ ಪಾಠಮಾಲೆ ಬಿ1ರವರೆಗೆ ಉಚಿತವಾಗಿ ಮೊಬೈಲ್‌ನಲ್ಲೇ ಸಿಗುತ್ತದೆ. ತರಗತಿಗೆ ಸೇರುವ ಮೊದಲು ಎರಡು ತಿಂಗಳು ಅದನ್ನು ನೋಡಿದರೆ, ಈ ಭಾಷೆ ತನಗೆ ಒಗ್ಗುತ್ತದೆಯೇ ಎಂಬುದು ಮಗುವಿಗೇ ತಿಳಿಯುತ್ತದೆ.

ಕಲಿಯುವವರಿಗೆ ನಾಲ್ಕು ವಾಕ್ಯಗಳ ಮನೆಪಾಠ. ಉತ್ತರ ನೋಡದೆ ಮೊದಲು ಪ್ರಯತ್ನಿಸಿ. ತಾಯಿ ಮಗುವಿಗೆ ಹಾಲನ್ನು ಕೊಡುತ್ತಾಳೆ (ಮುಟರ್ ಸ್ತ್ರೀಲಿಂಗ, ಕಿಂಟ್ ನಪುಂಸಕ, ಮಿಲ್ಶ್ ಸ್ತ್ರೀಲಿಂಗ). ನನಗೆ ತಲೆ ಸುತ್ತುತ್ತಿದೆ. ನಾಳೆ ನಾನು ಆಸ್ಪತ್ರೆಗೆ ಹೋಗುತ್ತೇನೆ (ನಾಳೆ ಎನ್ನಲು ಮೊರ್ಗೆನ್). ನಾನು ಆಸ್ಪತ್ರೆಯಲ್ಲಿ ಇದ್ದೇನೆ.

ಉತ್ತರಗಳು: ಡೀ ಮುಟರ್ ಗಿಪ್ಟ್ ಡೇಮ್ ಕಿಂಟ್ ಡೀ ಮಿಲ್ಶ್. ಮೀರ್ ಇಸ್ಟ್ ಶ್ವಿಂಡ್ಲಿಶ್. ಮೊರ್ಗೆನ್ ಗೇಹೆ ಇಶ್ ಇನ್ಸ್ ಕ್ರಾಂಕೆನ್‌ಹೌಸ್. ಇಶ್ ಬಿನ್ ಇಮ್ ಕ್ರಾಂಕೆನ್‌ಹೌಸ್. 'ಇನ್ ಡಾಸ್' ಕೂಡಿ 'ಇನ್ಸ್' ಆಗಿದೆ, 'ಇನ್ ಡೇಮ್' ಕೂಡಿ 'ಇಮ್' ಆಗಿದೆ. ನಮ್ಮ ಸಂಧಿಯ ಹಾಗೆಯೇ.